ಕೂತಲ್ಲೇ ನೇಗಿಲು ವಾಲಿಸುವ ಸಿಲಿಂಡರ್

ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಜಾರಿ, ಹಿಂದೆ ನಿಂತಿದ್ದ ಕಿರಿಯ ತಮ್ಮ ಸತ್ತನೆಂಬ ಸುದ್ದಿ ಬಂದ ದಿನವೇ ಅಕ್ಕ ಮೆಕ್ಯಾನಿಕ್‌ನ ವರ್ಕ್‌ಶಾಪಿಗೆ ಬಂದಳು. ಪಂಪಿನ ರಿಪೇರಿಗೆಂದು ಕಾದು ಕುಳಿತಿದ್ದ ಮುದುಕರ ಕಿವಿಗೆ ಮಾತೆಲ್ಲ ಬಿತ್ತು.

“ಅವನು ತರಿಸೋಕೆ ಹೇಳಿದ್ದ ಹೈಡ್ರಾಲಿಕ್ ಸಿಲಿಂಡರ್ ಬಂತೇನೋ?”

“ಬಂದಿದೆ ಅಕ್ಕಾ. ಇನ್ಯಾಕೆ ಅದು?”

“ಹಾಕು. ಇದಿದ್ದಿದ್ರೆ ಸೀಟಲ್ಲೇ ಕೂತು ನೇಗಿಲು ವಾಲಿಸ್ತಿದ್ದ. ಕೆಳಗಿಳಿದು, ಹಿಂದೆ ನಿಂತು ಹಿಡಿ ತಿರುಗಿಸೋ ಕರ್ಮ ಇರ್ತಿರ್ಲಿಲ್ಲ.”

“ನಿಮ್ಮ ದೊಡ್ಡ ತಮ್ಮ ಹಾಕೋದು ಬೇಡ ಅಂತ ನಿಲ್ಲಿಸಿದ್ರು.”

“ಗೊತ್ತು. ‘ಇಳಿಯೋಕೆ ಮಹಾರಾಜರಿಗೆ ಮೈ ಬಗ್ಗಲ್ವಾ’ ಅಂತ ಹಂಗಿಸಿದ್ದ. ಇನ್ನು ಆ ಸೀಟಲ್ಲಿ ಕೂರೋ ಮಹಾರಾಜ ಅವನೇ.”

“ಅವರಿಗೋಸ್ಕರ ಹಾಕಿಸ್ತೀರಾ?”

“ಇನ್ನೇನ್ ಮಾಡ್ಲಿ? ಅವನ ಮುಖ ನೋಡೋಕೆ ಮನಸ್ಸಿಲ್ಲ. ಹಾಗಂತ ಅವನ ಹೆಣಾನೂ ನೋಡೋಕಾಗಲ್ಲ ಕಣೋ.”

ಮೆಕ್ಯಾನಿಕ್ ಸಿಲಿಂಡರನ್ನು ಹೆಗಲಿಗೇರಿಸಿ ಅವಳ ಹಿಂದೆ ನಡೆದ. ಮುದುಕರು ಎದ್ದು ನಿಂತು ಕೈಮುಗಿದರು. ದೇವರೇ, ಹೋದ ಆ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು.