ದಿನ ಕೊನೆಗೆ ಬರುವ ಮಾತು

ಬೆರಳಿಗೆ ಸೂಜಿ ಹೊಕ್ಕು ಎಕ್ಸ್‌ರೇಗೆ ಕಾಯುತ್ತಿದ್ದ ದರ್ಜಿಗೆ ನೋವೇ ಮರೆತುಹೋಗಿತ್ತು. ಆಸ್ಪತ್ರೆಯ ಅದೇ ಬೆಂಚಿನಲ್ಲಿ ರೋಗಿಯ ಮಗಳೊಬ್ಬಳು ದುಭಾಷಿಯನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಮನೆಗೆ ಹೋಗಬಹುದು ಅಂತ ಅಮ್ಮಂಗೆ ಹೇಳಿದ್ದು ನೀವೇ.”

“ಡಾಕ್ಟರು ಹಾಗೇ ಅಂದ್ರು.”

“ಮುಂದಿನ ವಾರ ಅಂತಾನೂ ಅಂದಿದ್ರಲ್ಲ?”

“ಅವರ ಭಾಷೇಲಿ ಯಾವ ದಿನ ಅನ್ನೋದು ಕೊನೆಗೆ ಬರುತ್ತಮ್ಮ. ನಾವಾದ್ರೆ ಮೊದಲೇ ಹೇಳಿಬಿಡ್ತೀವಿ. ಮಾತು ಮುಗೀತು ಅಂದ್ಕೊಂಡೆ.”

“ಅಂದ್ಕೊಂಡು ಊಟಕ್ಕೆ ಹೊರಟ್ರಿ. ಅಮ್ಮ ಚೀಲ ಹಿಡ್ಕೊಂಡು ಮೆಟ್ಟಿಲಿಳಿಯೋಕೆ ಹೋಗಿ ಸೊಂಟ ಮುರ್ಕೊಂಡ್ಳು.”

“ಇಪ್ಪತ್ತು ವರ್ಷದಲ್ಲಿ ಇದೊಂದೇ ತಪ್ಪು.”

“ನಮ್ಮಮ್ಮಂಗೂ ಇರೋದು ಒಂದೇ ಸೊಂಟ.”

ಡಾಕ್ಟರು ಬಾಗಿಲಿಗೆ ಬಂದು ತಮ್ಮ ಭಾಷೆಯಲ್ಲಿ ಕರೆದರು. ದುಭಾಷಿ ಎದ್ದ.

“ಇಲ್ಲಿ ನನ್ನ ಬಿಟ್ಟರೆ ಬೇರೆ ದುಭಾಷಿ ಇಲ್ಲಮ್ಮ.”

“ಗೊತ್ತು, ನಡೀರಿ. ಅವರು ಬಾಯಿ ಮುಚ್ಚೋವರೆಗೂ ನೀವು ಬಾಯಿ ಬಿಡಬೇಡಿ.”