ಲೊಚಗುಟ್ಟದ ಹಲ್ಲಿ

ವರ್ಮಿ... ವರ್ಮಿಸೆಲ್ಲಿ... ಅಯ್ಯೋ, ಅದು ಶಾವಿಗೆ! ವರ್ಮಿ ಏನೋ, ಗಿಡದ ಕುಂಡಕ್ಕೂ ಹಾಕ್ತಾರಂತೆ. ಲಹರಿ ಬೆಳಗ್ಗೆ ಎರಡು ಸಲ ಹೇಳ್ಕೊಟ್ಲು. ಹುರಿದ ರವೆ ಥರ ಇರುತ್ತೆ ಅತ್ತಿಗೆ, ಒದ್ದೆ ಮಾಡಿ ಡಬ್ಬಿಗೆ ತುಂಬಿ, ಅದರ ಮೇಲೆ ಮೊಟ್ಟೆ ಇಡೋದು. ಯಾವುದರ ಮೊಟ್ಟೆ ಅಂತಲಾ? ಹಲ್ಲಿದು, ಲಹರಿ ಸಾಕ್ತಿರೋ ಫಾರಿನ್ ಹಲ್ಲಿದು!

ಕಾಲು ಎಳ್ಕೋಬೇಡಿ, ಹೊಲಿಗೆ ಬಿಚ್ಚೀತು! ಮಂಡಿ ಆಪರೇಷನ್ ಆಗಿ ಇನ್ನೂ ಹನ್ನೆರಡು ದಿನ. ಕೂಗ್ತೀರಾ? ಕೂಗಿ. ಇವತ್ತು ಏಕಾದಶಿ, ನಿಮ್ಮ ಮೌನವ್ರತ. ಇಪ್ಪತ್ತು ವರ್ಷದಿಂದ ಬಿಡದ ವ್ರತಾನ ಪಂಕಜಮ್ಮನವರು ಒಂದು ಹಲ್ಲಿಗೆ ಹೆದರಿ ಮುರಿದ್ರು ಅಂದ್ರೆ ಕೃಷ್ಣಮೂರ್ತಿಪುರಂ ಪೂರ್ತಿ ನಗುತ್ತೆ. ಹೂಂ, ದಿನ ನೋಡ್ಕೊಂಡೇ ಇವನ್ನ ಕೆಳಗೆ ತರಿಸಿದೆ.

ಈ ಗಾಜಿನ ಪೆಟ್ಟಿಗೆ ಮಹಡಿ ಮೇಲೆ ಲಹರಿ ರೂಮಲ್ಲೇ ಇರಬೇಕಿತ್ತು. 'ಅಜ್ಜಿ, ಮರಿ ಮಾಡಿಸ್ತೀನಿ, ಒಂದೇ ಹದದ ಬಿಸಿ ಬೇಕು' ಅಂದ್ಲು. 'ಹಾಗಾದ್ರೆ ಕೆಳಗೆ ಪಂಕಜಜ್ಜಿ ಮಂಚದ ಎದುರಿಗಿಡು, ಅವರು ಫ್ಯಾನ್ ಹಾಕಲ್ಲ' ಅಂದೆ. ಪಾಪ, ಮೊಮ್ಮಗಳು ಅಜ್ಜಿ ಮಾತು ನಂಬಿದ್ಲು.

ನೋಡಿ, ಮುಖ ಆ ಕಡೆ ತಿರುಗಿಸಬೇಡಿ. ಈ ತುದೀಲಿ ಕೆಳಗಡೆ ಕರೆಂಟಿನ ಬಿಸಿ ಚಾಪೆ, ಆ ತುದಿ ತಂಪು. ಮಧ್ಯೆ ಒದ್ದೆ ನಾರಿನ ಡಬ್ಬಿ, ಅದು ಬಾಣಂತಿ ಕೋಣೆ! ಊಟಕ್ಕೆ ಜೀವ ಇರೋ ಜೀರುಂಡೆ. ಎರಡು ತಪ್ಪಿಸ್ಕೊಂಡ್ವು... ನಿಮ್ಮ ಮಂಚದ ಕೆಳಗೇ ಇರಬೇಕು. ಒಂದು ಗಂಡು, ಎರಡು ಹೆಣ್ಣು. ಎರಡು ಗಂಡು ಬಿಟ್ರೆ ಕಚ್ಚಾಡಿ ಸಾಯ್ತವಂತೆ, ಹೆಣ್ಣುಗಳು ಹೊಂದ್ಕೊಂಡು ಹೋಗ್ತವಂತೆ. ಹಾಗಂತ ಹೇಳಿದೋರು ನಮ್ಮನೆ ನೋಡಿಲ್ಲ!

ಆ ದಪ್ಪಗಿರೋಳು ಇದಾಳಲ್ಲ, ಹಳದಿ ಮೈ, ಕರಿ ಚುಕ್ಕಿ... ಅವಳಿಗೆ ಪಂಕಜಾ ಅಂತ ಹೆಸರಿಟ್ಟಿದೀನಿ. ಯಾಕೆ ದುರುಗುಟ್ತೀರಾ? ಚೆನ್ನಾಗಿ ತಿಂತಾಳೆ ಕಣ್ರೀ! ನಿನ್ನೆ ಎರಡು ಮೊಟ್ಟೆ ಇಟ್ಲು, ಅವೀಗ ಆ ವರ್ಮಿ ಡಬ್ಬೀಲಿ. ಇಟ್ಟ ಮೊಟ್ಟೆ ಮಗ್ಗುಲು ತಿರುಗಬಾರದಂತೆ, ಮೇಲ್ಗಡೆ ಯಾವುದು ಅಂತ ಲಹರಿ ಪೆನ್ಸಿಲಲ್ಲಿ ಚುಕ್ಕಿ ಇಟ್ಟಿದಾಳೆ. ಹೆದರಿಸಿದ್ರೆ ಬಾಲ ಕಳಚಿಟ್ಟು ಓಡ್ತವೆ ಇವು. ಬಾಲ ಅಲ್ಲೇ ಒದ್ದಾಡ್ತಿರುತ್ತೆ, ನೋಡೋರು ಅದನ್ನೇ ನೋಡ್ತಾ ನಿಂತಿರ್ತಾರೆ...

ಇಷ್ಟು ಭಯ ನಿಮಗೆ ಹಲ್ಲಿ ಅಂದ್ರೆ! ಅವತ್ತು ನಿಮ್ಮ ಪರವಾಗಿ ಸಾಕ್ಷಿ ಹೇಳಿದ್ದು ಹಲ್ಲೀನೇ ಅಲ್ವಾ? ನೆನಪಿಲ್ವಾ? ನಲವತ್ತೆಂಟು ವರ್ಷ ಆಯ್ತು. ನಾನು ವಿಜಾಪುರದಿಂದ ಈ ಮನೆಗೆ ಸೊಸೆಯಾಗಿ ಬಂದು ಇನ್ನೂ ಒಂದು ವರ್ಷ. ಅವ್ವನ ಕಾಗದ ಬಂತು. ನಡುಮನೇಲಿ ನಿಂತು 'ನಮ್ಮವ್ವಗ ಆರಾಮಿಲ್ಲ, ಊರಿಗೆ ಕಳಿಸ್ರಿ' ಅಂದೆ. ಗಂಡನ ಅಕ್ಕ ನೀವು, ಎಲ್ಲರ ಮುಂದೆ ಅಂದ್ರಿ, 'ಇವಳು ಸುಳ್ಳು ಹೇಳ್ತಿದಾಳೆ.' ಕ್ಯಾಲೆಂಡರ್ ಹಿಂದೆ ಹಲ್ಲಿ ಲೊಚಗುಟ್ತು. ಅತ್ತೆ, ಮಾವ, ಕೊನೆಗೆ ಇವರೂ... ನೆಲ ಕುಟ್ಟಿ 'ಕೃಷ್ಣ ಕೃಷ್ಣ' ಅಂದ್ರು. ಮುಗೀತು! ಹಲ್ಲಿ ನಿಜ ಅಂದ ಮೇಲೆ ಸೊಸೆ ಮಾತು ಯಾರಿಗೆ ಬೇಕು? ಮೂರು ವಾರಕ್ಕೆ ತಂತಿ. ಹೋಗೋ ಹೊತ್ತಿಗೆ ಅವ್ವ ಬೂದಿ.

ಅದಕ್ಕೇ ಇವು. ಇನ್ನೂ ಒಂದೂವರೆ ತಿಂಗಳು ನೀವು ಮೆಟ್ಟಿಲು ಹತ್ತೋ ಹಾಗಿಲ್ಲ. ಮರಿ ಆಚೆ ಬರೋದೂ ಅಷ್ಟೇ ದಿನಕ್ಕೆ. ನೋಡ್ತಾ ಮಲಗಿ! ಇಲ್ಲಾಂದ್ರೆ... ಅವತ್ತು ಅಂದಿದ್ದು ತಪ್ಪು ಅಂತ ಒಂದು ಸಲ ತಲೆ ಆಡಿಸಿ. ಈಗಲೇ ಮೇಲಕ್ಕೆ ಕಳಿಸ್ತೀನಿ. ಅಷ್ಟು ಸಾಕು ನಂಗೆ.

ಆಡಿಸಿ. ಯಾಕೆ ಆಡಿಸಲ್ಲ? ಹೊದಿಕೆ ಗಲ್ಲದವರೆಗೆ ಎಳ್ಕೊಂಡಿದೀರಾ, ಆದ್ರೂ... ತಲೆ ಆಡಿಸೋಕೆ ವ್ರತ ಅಡ್ಡ ಬರಲ್ಲ ಅತ್ತಿಗೆ! ಹಾಗೆ ನೋಡಬೇಡಿ. ಸಿಟ್ಟಿದ್ರೆ ಸಿಟ್ಟು ಮಾಡಿ. ಅದೇನದು, ಅಯ್ಯೋ ಪಾಪ ಅನ್ನೋ ಹಾಗೆ...

ಆ ಕಾಗದ... ಅಂಚೆಯವನು ನಿಮ್ಮ ಕೈಗೇ ಕೊಟ್ಟಿದ್ದ. ನನಗೆ ಬಂದಾಗ ಅಂಟು ಬಿಟ್ಟಿತ್ತು. ನೀವು... ಓದಿದ್ರಾ?

ಈಗ ತಲೆ ಆಡಿಸ್ತೀರಾ... ಓದಿದ್ರಿ.

ಹಾಗಾದ್ರೆ ಗೊತ್ತು ನಿಮಗೆ. 'ನಾ ಆರಾಮ ಇದ್ದೀನಿ. ಜ್ವಾಳದ ಸೀತನಿ ತಿನ್ನಾಗ ನಿನ್ನ ನೆನಪಾತು.' ಅಷ್ಟೇ ಇತ್ತು. ಅವ್ವ ಗಟ್ಟಿಮುಟ್ಟಾಗೇ ಇದ್ಲು. ಹಾಸಿಗೆ ಹಿಡಿಸಿದ್ದು ನನ್ನ ನಾಲಿಗೆ... ಊರು ನೋಡೋ ಆಸೆಗೆ ಆಡಿದ ಮಾತು, ಮೂರೇ ವಾರಕ್ಕೆ ತಗುಲಿತು. ತಂತಿ ಬಂದ ದಿನ ಮನೆಮಂದಿಯೆಲ್ಲ ನಿಮ್ಮನ್ನ ಬೈದ್ರು, ಪಾಪಿ ಅಂದ್ರು. ನಾನು ಕೇಳಿಸ್ಕೊಂಡು ಸುಮ್ಮನಿದ್ದೆ. 'ಕಾಗದದಲ್ಲಿ ಹಾಗಿರಲಿಲ್ಲ' ಅಂತ ಒಂದು ಮಾತು... ಒಂದೇ ಒಂದು ಮಾತು ನೀವು ಆಡಬಹುದಿತ್ತು. ಆಡಲಿಲ್ಲ.

ಅವತ್ತು ಯಾವ ವ್ರತ ಇತ್ತು ಅತ್ತಿಗೆ?

ಸರಿ, ಸರಿ... ಹೆದರಬೇಡಿ. ಇವಕ್ಕೆ ಗಾಜು ಹತ್ತೋಕೆ ಬರಲ್ಲ. ಅದನ್ನ ನಿಮಗೆ ಹೇಳಬಾರದು ಅಂತಿದ್ದೆ. ನಮ್ಮ ಗೋಡೆ ಹಲ್ಲಿ ಥರ ಲೊಚಗುಟ್ಟೋದೂ ಇಲ್ಲ. ನಾನು ಈಗ ನಿಜ ಹೇಳಿದ್ರೂ ಸಾಕ್ಷಿಗೆ ಬರಲ್ಲ, ಮೂಗಿ ಮುಂಡೇವು.

ಲಹರೀ! ಬಾರೇ ಇಲ್ಲಿ. ಈ ಪೆಟ್ಟಿಗೆ ಮೇಲಕ್ಕೆ ತಗೊಂಡೋಗು, ಮೊಟ್ಟೆ ಅಲುಗದ ಹಾಗೆ. ತಾಳು, ಆಮೇಲೆ. ಮೊದಲು ಚುಕ್ಕಿ ಇಟ್ಯಲ್ಲ, ಆ ಪೆನ್ಸಿಲ್ ತಗೊಂಡು ಕೂತ್ಕೋ. ಆ ವರ್ಮಿ ಅಲ್ವೇ, ಅದು ಹಾಳಾಗಲಿ. ನಾನು ಹೇಳೋದು ಬರ್ಕೊ, ಮನೆಯವರೆಲ್ಲ ಓದೋ ಹಾಗೆ ದಪ್ಪಗೆ. ಬರಿ... 'ಅವತ್ತು ಹಲ್ಲಿ ನುಡಿದದ್ದು ನಿಜ.'