ಬೊನಿಫಾಸರ ಕೀಬೋರ್ಡ್

ಬಂದ್ಯೋಡಿನ ರಿಪೇರಿ ಅಂಗಡಿಯಲ್ಲಿ ನನ್ನ ಫೋನಿಗಾಗಿ ಕಾಯುತ್ತಿದ್ದೆ. ಬೊನಿಫಾಸರ ಹೆಂಡತಿ ಮಗ್ದಲಿನ್ ಬಾಯಮ್ಮ ಬಂದು, ವೈರಿಲ್ಲದ ಕೀಬೋರ್ಡೊಂದನ್ನು ಅಂಗಡಿಯ ಗಣೇಶಪ್ರಸಾದನ ಮೇಜಿನ ಮೇಲಿಟ್ಟರು.

“ಆನ್ ಆಗುದಿಲ್ಲ.”

“ಯಾವಾಗಿಂದ ಬಾಯಮ್ಮ?”

“ಇವರು ತೀರಿಹೋದ ದಿನದಿಂದ. ಗಂಟಲಿನ ಆಪರೇಶನ್ ಆದಮೇಲೆ ಇವರಿಗೆ ಮಾತಾಡ್ಲಿಕ್ಕೆ ಇದೇ ಅಲ್ವಾ?”

“ಗೊತ್ತುಂಟು. ಟೈಪ್ ಮಾಡಿದ್ದು ಟಿವಿಯಲ್ಲಿ ಬರುವ ಹಾಗೆ ನಾನೇ ಮಾಡಿಕೊಟ್ಟದ್ದು.”

“ಆವತ್ತು ಪಾಪನಿವೇದನೆ ಕೇಳ್ಲಿಕ್ಕೆ ಫಾದರ್ ಬಂದಿದ್ರು. ಇವರು ಒತ್ತಿದ್ರು, ಒತ್ತಿದ್ರು, ಒಂದಕ್ಷರ ಬರ್ಲಿಲ್ಲ. ದೇವರಿಗೆ ಎಲ್ಲ ಗೊತ್ತುಂಟು ಅಂತ ಹೇಳಿ ಫಾದರ್ ಹೋದ್ರು. ಸಂಜೆಗೆ ಇವರೂ ಹೋದ್ರು.”

ಗಣೇಶಪ್ರಸಾದ ಕೀಬೋರ್ಡನ್ನು ಮಗುಚಿದ. ಅಡಿಯಲ್ಲಿದ್ದ ಪುಟ್ಟ ಸ್ವಿಚ್ಚು ಆಫ್ ಆಗಿತ್ತು. ಬೆರಳಿನಿಂದ ಸರಿಸಿದ ಕೂಡಲೇ ಹಸಿರು ದೀಪ ಹತ್ತಿತು. ಬಾಯಮ್ಮನಿಗೆ ಕಾಣದಂತೆ ಅದನ್ನು ಅಂಗೈಯಿಂದ ಮುಚ್ಚಿದ.

“ಫಾದರ್ ಬರ್ತಾರೆ ಅಂತ ಬೆಳಿಗ್ಗೆ ನಾನು ಇದನ್ನು ಅಡಿಮೇಲು ತಿಕ್ಕಿ ಒರೆಸಿದ್ದೆ. ಅದರಿಂದ ಎಂತಾದ್ರೂ ಆಯ್ತಾ?”

“ಇಲ್ಲ ಬಾಯಮ್ಮ. ಸೆಲ್ ಮುಗಿದದ್ದು, ಅಷ್ಟೇ.”

ಹೊಸ ಸೆಲ್ ಹಾಕಿ ಕೊಟ್ಟ.

“ಹಳೆಯದನ್ನು ಕೊಡು. ಮನೆಯಲ್ಲಿ ರಿಮೋಟಿಗೆ ಹಾಕಿ ನೋಡ್ತೇನೆ.”

ಅವನು ಈಗಷ್ಟೇ ತೆಗೆದಿಟ್ಟ, ದೀಪ ಹತ್ತಿಸಿದ್ದ ಸೆಲ್ಲುಗಳನ್ನು ಅಲ್ಲೇ ಬಿಟ್ಟು, ಕಸದ ಡಬ್ಬಿಯಿಂದ ಬೇರೆ ಎರಡನ್ನು ಹೆಕ್ಕಿ ಕೊಟ್ಟ. ಬಾಯಮ್ಮ ಅವನ್ನು ಅಂಗೈಯಲ್ಲಿಟ್ಟು ನೋಡಿದರು.

“ನಾನು ಹಾಕಿದ್ದು ಕೆಂಪು ಸೆಲ್, ಗಣೇಶ.”

ನೀಲಿ ಸೆಲ್ಲೆರಡನ್ನೂ ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಕೀಬೋರ್ಡನ್ನು ಎದೆಗೊತ್ತಿಕೊಂಡು, ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದರು.